ಗೋವಿನ ಹಾಡಿನಲ್ಲಿ ಮಾತ್ರೆ ಕಡಿಮೆ ಬೀಳುವ ಸಾಲುಗಳು: ದೋಷವೇ, ಬೇಕೆಂದೇ ಬಿಟ್ಟ ಜಾಗವೇ?

ಬಾಯಿಪಾಠ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮಗಳಿಗೆ ಛಂದಸ್ಸಿನ ಪಾಠ ಹೇಳಿಕೊಡುವ ನೆವದಲ್ಲಿ, ಶಾಲೆಯಲ್ಲಿ ಕಲಿತು ಮರೆತಿದ್ದ ಲಘು (ಒಂದು ಮಾತ್ರೆ, ಅಂದರೆ ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಕಾಲ), ಗುರು (ಎರಡು ಮಾತ್ರೆ), ಗಣಗಳನ್ನು (ಮಾತ್ರೆಗಳ ಗುಂಪುಗಳನ್ನು) ನಾನೂ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಪಠ್ಯದಲ್ಲಿ ಕೊಟ್ಟಿರುವ ಷಟ್ಪದಿಗಳಿಗೆ ಪ್ರಸ್ತಾರ ಹಾಕುವುದು (ಲಘು, ಗುರು ಗುರುತಿಸಿ ಗಣ ಬಿಡಿಸುವುದು) ಅವಳಿಗೆ ಬೇಸರವೆನಿಸಿದ್ದರಿಂದ, ಇಬ್ಬರಿಗೂ ಬಾಯಿಗೆ ಬರುವ ಗೋವಿನ ಹಾಡನ್ನೇ ಮುಂದಿಟ್ಟುಕೊಂಡು ಕುಳಿತೆವು.

ಮೊದಮೊದಲು ಎಲ್ಲವೂ ಸುಲಭವಾಗಿತ್ತು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂಬ ನಡೆಯಲ್ಲಿ 14 ಮಾತ್ರೆಗಳ ಮೂರು ಸಾಲುಗಳು, ಅವುಗಳ ಬೆನ್ನಿಗೆ ಒಂದು ಗಿಡ್ಡ ಸಾಲು. "ಮುಂದೆ ಬಂದರೆ ಹಾಯಬೇಡಿರಿ" ಎಂಬ ಸಾಲನ್ನು "ಮುಂದೆ । ಬಂದರೆ । ಹಾಯ । ಬೇಡಿರಿ" ಎಂದು ಮಗಳೇ ಬಿಡಿಸಿದಳು. ತೊಡಕು ಹುಟ್ಟಿದ್ದು "ಆರ ಮೊಲೆಯನು ಕುಡಿಯಲಮ್ಮ" ಎಂಬಲ್ಲಿ. ಅದನ್ನು ಎಷ್ಟು ಸಲ ಎಣಿಸಿದರೂ 13 ಮಾತ್ರೆಗಳೇ ಆಗುತ್ತವೆ. "ಆರ ಸೇರಿ ಬದುಕಲಮ್ಮ" ಎಂಬುದರಲ್ಲಂತೂ 12 ಮಾತ್ರೆಗಳಷ್ಟೇ ಇವೆ. ಹಾಡುವಾಗ ಎಲ್ಲಿಯೂ ಎಡವದ ಸಾಲು, ಕಾಗದದ ಮೇಲೆ ಬರೆದೊಡನೆ ಕುಂಟುವುದೇಕೆ?

ಎರಡನೆಯ ಸಂದೇಹ ಪ್ರಾಸದ್ದು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಮೊದಲ ಪದ್ಯದಲ್ಲಿ ಧರಣಿ, ಮೆರೆಯುತಿಹ, ಇರುವ, ಪರಿಯ ಎಂದು ಅದು ಸರಿಯಾಗಿಯೇ ಇದೆ. ಆದರೆ "ಮುಂದೆ ಬಂದರೆ" ಎಂಬ ಪದ್ಯದಲ್ಲಿ ಮುಂದೆ, ಹಿಂದೆ, ಕಂದ ಎಂದು ಮೂರು ಸಾಲು ಸಾಗಿ, ನಾಲ್ಕನೆಯದರಲ್ಲಿ "ತಬ್ಬಲಿಯನೀ ಕರುವನು" ಎಂದು ಪ್ರಾಸ ಕೈಬಿಟ್ಟುಹೋಗುತ್ತದೆ. ಇದು ಹಾಡಿದವರ ಮರೆವೋ, ಅಥವಾ ಜನಪದದ ಬಾಯಿಯಲ್ಲಿ ಉಳಿದ ಕವಿತೆಗಳಿಗೆ ಈ ನಿಯಮಗಳು ಅನ್ವಯಿಸುವುದೇ ಇಲ್ಲವೋ?

ಇನ್ನೊಂದು ಮಾತು. ಒಂದೇ ಪದ, ಒಂದೇ ಸಾಲು ಮತ್ತೆ ಮತ್ತೆ ಬರುವುದು ನೆನಪಿಗೆ ಅನುಕೂಲವಾಗಲೆಂದು ಮಾತ್ರವೇ ಎಂಬುದನ್ನೂ ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ.


ಲಘುಗುರು (ಉತ್ತರ):

ತಮ್ಮ ಎಣಿಕೆ ಸರಿಯಾಗಿದೆ. ಮಗಳಿಗೆ ಅಂಕ ಕಡಿಯಬೇಡಿ. ಈ ಹಾಡಿನ ನಡೆ 3+4ರದು. ತಾಳದ ಲೆಕ್ಕದಲ್ಲಿ ಏಳು ಎಣಿಕೆಯ ಮಿಶ್ರಛಾಪು ಇದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯದೂ ಇದೇ ನಡೆ. ಬೇಸರವೆನಿಸಿದ ಷಟ್ಪದಿಯ ಹೆಜ್ಜೆಯನ್ನೇ ನಿಮ್ಮ ಮಗಳು ಗೋವಿನ ಹಾಡಿನಲ್ಲಿ ಸಲೀಸಾಗಿ ಹಾಕುತ್ತಿದ್ದಾಳೆ ಎಂಬುದನ್ನು ಅವಳಿಗೆ ಮೆಲ್ಲನೆ ತಿಳಿಸಿ.

ಇವೆರಡಕ್ಕೂ ಇರುವ ಅಂತರ ನಿಲುಗಡೆಯಲ್ಲಿ ಕಾಣುತ್ತದೆ. ಭಾಮಿನಿಯಲ್ಲಿ 14 ಮಾತ್ರೆಗಳ ಎರಡು ಸಾಲುಗಳಾದ ಮೇಲೆ ಮೂರನೆಯ ಸಾಲು 3+4+3+4+3+4 ಎಂದು ಉದ್ದಕ್ಕೆ ಹರಿದು, ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತದೆ. ಅಲ್ಲಿಗೆ 23 ಮಾತ್ರೆಗಳಾಗುತ್ತವೆ. ಉಸಿರು ಕಟ್ಟಿ ಓಡಿ ನಿಲ್ಲುವ ಆ ಬಗೆ ಯುದ್ಧವನ್ನು ವರ್ಣಿಸುವವನಿಗೂ ಸಭೆಯಲ್ಲಿ ಮಾತಿಗೆ ಮಾತು ಜೋಡಿಸುವವನಿಗೂ ಬಹಳ ಒದಗಿಬರುತ್ತದೆ. ಗೋವಿನ ಹಾಡು ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ: ಮೂರು ಸಾಲು ಒಂದೇ ಅಳತೆಯಲ್ಲಿ ನಡೆದು, ನಾಲ್ಕನೆಯದು 3+4+3 ಆದೊಡನೆ ಒಂದೇ ಅಕ್ಷರದ ಮೇಲೆ ನಿಂತುಬಿಡುತ್ತದೆ. "ತಬ್ಬ । ಲಿಯನೀ । ಕರುವ । ನು". ಆ ಕೊನೆಯ "ನು" ಬರಹದಲ್ಲಿ ಲಘು. ಆದರೆ ಸಾಲಿನ ಕೊನೆಯಲ್ಲಿರುವುದರಿಂದ ಗುರುವೆಂದೇ ಎಣಿಸಬೇಕು. ಅದರಾಚೆಗೆ ಉಳಿಯುವ ಮೌನವೂ ಪದ್ಯದ ಅಳತೆಗೆ ಸೇರಿದ್ದು. ಹಾಡುವವರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಕೇಳುವ ಮಗು "ಆಮೇಲೆ?" ಎಂದು ಕಾಯುತ್ತದೆ.

ಇನ್ನು ಕಡಿಮೆ ಬೀಳುವ ಮಾತ್ರೆಗಳ ವಿಚಾರ. ಮಾತ್ರಾಗಣದ ಪದ್ಯವನ್ನು ಓದುವುದಕ್ಕಾಗಿ ಬರೆದವರು ಪ್ರತಿಯೊಂದು ಮಾತ್ರೆಯನ್ನೂ ಅಕ್ಷರದಿಂದಲೇ ತುಂಬುತ್ತಾರೆ. ಹಾಡುವುದಕ್ಕಾಗಿ ಕಟ್ಟಿದವರು ಕೆಲವು ಮಾತ್ರೆಗಳನ್ನು ಕಂಠಕ್ಕೆ ಬಿಟ್ಟುಕೊಡುತ್ತಾರೆ. ನೀವು ಉದಾಹರಿಸಿದ ಸಾಲನ್ನೇ ನೋಡಿ: "ಆರ । ಮೊಲೆಯನು । ಕುಡಿಯ । ಲಮ್ಮ". ಕೊನೆಯ ಗಣದಲ್ಲಿ ನಾಲ್ಕು ಇರಬೇಕಾದ ಕಡೆ ಮೂರೇ ಮಾತ್ರೆಗಳಿವೆ. ತಾಳ ತಪ್ಪದಂತೆ ಹಾಡಬೇಕಾದರೆ ಕೊನೆಯ ಸ್ವರವನ್ನು ಎಳೆಯಲೇಬೇಕು, ಎಳೆದಾಗ ಅದು "ಅಮ್ಮಾ" ಎಂದಾಗುತ್ತದೆ. ತಾಯಿಯನ್ನು ಕಳೆದುಕೊಳ್ಳಲಿರುವ ಕರು ಆಡುವ ಮಾತಿನಲ್ಲಿ, ಮೂರು ಸಾಲುಗಳ ಕೊನೆಯಲ್ಲಿಯೂ ಆ ಒಂದು ಮಾತ್ರೆ ಖಾಲಿ ಉಳಿದಿರುವುದರಿಂದ, ಯಾರು ಹಾಡಿದರೂ ಕರುವಿನಂತೆ ಕೂಗದೆ ವಿಧಿಯಿಲ್ಲ. ಅಲ್ಲಿ ಲೆಕ್ಕಕ್ಕೆ ಸರಿಯಾಗಲೆಂದು ಯಾರಾದರೂ ಒಂದು ಅಕ್ಷರ ಸೇರಿಸಿ ತಿದ್ದಿದ್ದರೆ, ಛಂದಸ್ಸು ಉಳಿದು ಕೂಗು ಹೋಗುತ್ತಿತ್ತು.

ಕಾಳಿಂಗ ಗೊಲ್ಲ ಹಸುಗಳನ್ನು ಕರೆಯುವಲ್ಲಿಯೂ ಇದೇ ನಡೆಯುತ್ತದೆ. "ಗಂಗೆ ಬಾರೆ ಗೌರಿ ಬಾರೆ" ಎಂಬುದನ್ನು ಬರಿದೇ ಎಣಿಸಿದರೆ 3+3+3+3, ಒಟ್ಟು 12. ಎರಡು "ಬಾರೆ"ಗಳೂ ನಾಲ್ಕು ಮಾತ್ರೆಯ ಮನೆಯಲ್ಲಿ ಕುಳಿತಿರುವುದರಿಂದ ಎರಡೂ "ಬಾರೇ" ಎಂದು ಎಳೆಯುತ್ತವೆ. ದೂರದಲ್ಲಿ ಮೇಯುತ್ತಿರುವ ಹಸುವನ್ನು ಕರೆಯುವವನು "ಬಾರೆ" ಎಂದು ಮೊಟಕಾಗಿ ಕರೆಯುವುದುಂಟೇ? ತಾಯಿ ಕರುವಿಗೆ ಹೇಳುವ "ತಬ್ಬಲಿಯು ನೀನಾದೆ ಮಗನೆ" ಎಂಬ ಸಾಲಿನ ಕೊನೆಯ "ಮಗನೆ" ಎಂಬುದೂ ಮೂರೇ ಮಾತ್ರೆ, ಅದೂ ಸಂಬೋಧನೆಯೇ.

ಈಗ ಪೂರ್ತಿ ತುಂಬಿರುವ ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿ. "ಖಂಡ । ವಿದೆಕೋ । ಮಾಂಸ । ವಿದೆಕೋ" ಎಂಬಲ್ಲಿ ಎಳೆಯಲು ಒಂದು ಮಾತ್ರೆಯೂ ಬಿಡುವಿಲ್ಲ. ಪುಣ್ಯಕೋಟಿ ಅಲ್ಲಿ ಯಾರನ್ನೂ ಕೂಗಿ ಕರೆಯುತ್ತಿಲ್ಲ. ಎದುರಿಗೆ ನಿಂತು, ಕೊಡಬೇಕಾದದ್ದನ್ನು ಒಂದೊಂದಾಗಿ ಎಣಿಸಿ ಕೊಡುತ್ತಿದ್ದಾಳೆ. ಪ್ರಸ್ತಾರ ಹಾಕುವಾಗ ಮಾತ್ರೆ ಕಡಿಮೆ ಬಿದ್ದ ಕಡೆಯಲ್ಲೆಲ್ಲ ಮಗಳಿಗೆ ಒಂದು ಗುರುತು ಹಾಕಲು ಹೇಳಿ, ಆಮೇಲೆ ಆ ಜಾಗದಲ್ಲಿ ಯಾವ ಪದವಿದೆ ಎಂದು ನೋಡಿಸಿ.


ಓಲೆಗರಿ (ಉತ್ತರ):

ಲಘುಗುರು ಅವರು ನಡೆಯ ವಿಷಯವನ್ನು ಚೆನ್ನಾಗಿ ಬಿಡಿಸಿದ್ದಾರೆ. ಪ್ರಾಸದ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ.

ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿರದೆ ಮೊದಲಲ್ಲಿ, ಅದೂ ಎರಡನೆಯ ಅಕ್ಷರದಲ್ಲಿ ಏಕಿದೆ ಎಂಬುದನ್ನು ಮೊದಲು ಯೋಚಿಸಬೇಕು. ನನಗೆ ತೋರುವ ಕಾರಣ ನಮ್ಮ ಭಾಷೆಯ ಸ್ವಭಾವದಲ್ಲಿಯೇ ಇದೆ. ಕನ್ನಡದಲ್ಲಿ ವಿಭಕ್ತಿ, ಕಾಲ, ವಚನ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಕ್ರಿಯಾಪದವೂ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತದೆ. ಹೀಗಿರುವಾಗ "ಹಾಯಬೇಡಿರಿ", "ಒದೆಯಬೇಡಿರಿ" ಎಂದು ಅಂತ್ಯದಲ್ಲಿ ಸಾಮ್ಯ ತರುವುದಕ್ಕೆ ಕವಿಯೇ ಬೇಕಾಗಿಲ್ಲ, ವ್ಯಾಕರಣವೇ ಅದನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಪದದ ಮೂಲ, ಅಂದರೆ ಅರ್ಥದ ತಿರುಳು ಇರುವುದು ಮೊದಲ ಒಂದೆರಡು ಅಕ್ಷರಗಳಲ್ಲಿ. ಅಲ್ಲಿ ಸಾಮ್ಯ ಹುಡುಕುವುದು ಕಷ್ಟ, ಸಿಕ್ಕಿದರೆ ಎರಡು ಬೇರೆ ಬೇರೆ ಅರ್ಥಗಳು ಒಂದೇ ದನಿಯಲ್ಲಿ ಎದುರುಬದುರಾಗುತ್ತವೆ. ಮುಂದೆ, ಹಿಂದೆ, ಕಂದ ಎಂಬ ಮೂರು ಪದಗಳನ್ನೇ ನೋಡಿ. ಮೊದಲ ಅಕ್ಷರ ಬೇರೆಯಾಗಿದ್ದು ಎರಡನೆಯದು ಒಂದೇ ಆಗಿರುವುದರಿಂದ, ಬಿಡುವುದು ಮತ್ತು ಕೂಡುವುದು ಎರಡೂ ಒಂದೇ ಪದದೊಳಗೆ ಆಗುತ್ತವೆ.

ಹಿಂದಿನ ಲಾಕ್ಷಣಿಕರು ಇದನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದರು. 10ನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಸಗಳನ್ನು ಹೇಳುತ್ತಾನೆ. ಪ್ರಾಸಾಕ್ಷರದ ಹಿಂದೆ ಏನಿದೆ ಎಂಬುದೇ ಈ ವಿಂಗಡಣೆಗೆ ಆಧಾರ. ಹಿಂದೆ ಹ್ರಸ್ವ ಸ್ವರವಿದ್ದರೆ ಸಿಂಹ. ಧರಣಿ, ಮೆರೆಯುತಿಹ ಎಂಬವು ಆ ಜಾತಿ. ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಬೇರೆ ಬೇರೆ ವ್ಯಂಜನಗಳ ಒತ್ತಾಗಿದ್ದರೆ ಶರಭ, ಅದೇ ವ್ಯಂಜನದ ಒತ್ತಾಗಿದ್ದರೆ ಹಯ. ಮುಂದೆ, ಹಿಂದೆ, ಕಂದ ಎಂಬುದು ವೃಷಭಪ್ರಾಸ. ಪ್ರಾಣಿಗಳ ಹೆಸರುಗಳನ್ನು ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ, ನಿಮ್ಮ ಮಗಳಿಗೆ ಇಲ್ಲಿಂದಲೇ ಆರಂಭಿಸಬಹುದು.

"ತಬ್ಬಲಿ"ಯ ಸಂಗತಿಗೆ ಬರುತ್ತೇನೆ. ಮುಂದೆ, ಹಿಂದೆ, ಕಂದ ಎಂದು ಮೂರು ಸಾಲುಗಳು ಒಂದೇ ಮನೆಯವರಂತೆ ಕೂಡಿಕೊಂಡಿರುವಾಗ, ಆ ಬಳಗಕ್ಕೆ ಸೇರದೆ ಹೊರಗೆ ನಿಲ್ಲುವ ಪದ ಯಾವುದು? ತಬ್ಬಲಿ. ನೆರೆಯ ಹಸುಗಳನ್ನು ಪುಣ್ಯಕೋಟಿ ಬೇಡುತ್ತಿರುವುದೇ ಈ ಕರುವನ್ನು ನಿಮ್ಮ ಬಳಗಕ್ಕೆ ಸೇರಿಸಿಕೊಳ್ಳಿ ಎಂದು. ಪ್ರಾಸ ಮಾತ್ರ ಅದನ್ನು ಇನ್ನೂ ಸೇರಿಸಿಕೊಂಡಿಲ್ಲ.

ಅದೇ ಸನ್ನಿವೇಶದಲ್ಲಿ ತಾಯಿ ಕರುವಿಗೇ ಹೇಳುವ ಪದ್ಯವನ್ನು ಈಗ ಕೇಳಿ. "ತಬ್ಬಲಿಯು ನೀನಾದೆ ಮಗನೆ" ಎಂದು ಮೊದಲಾಗುವ ಆ ಪದ್ಯದಲ್ಲಿ ಸಾಲಿನ ತಲೆಯ ನಾಲ್ಕು ಪದಗಳು ಇವು: ತಬ್ಬಲಿ, ಹೆಬ್ಬುಲಿ, ಇಬ್ಬರ, ತಬ್ಬಿಕೊಂಡಿತು. ಇದು ಹಯಪ್ರಾಸ. ಉಳಿದ ಪದಗಳನ್ನೆಲ್ಲ ಅಳಿಸಿ ಈ ನಾಲ್ಕನ್ನೇ ಉಳಿಸಿದರೂ ಆ ಗಳಿಗೆಯ ಕಥೆ ಪೂರ್ತಿಯಾಗಿ ಉಳಿಯುತ್ತದೆ. ಹಿಂದೆ ಒಂಟಿಯಾಗಿದ್ದ ತಬ್ಬಲಿಗೆ ಇಲ್ಲಿ ಜೊತೆ ಸಿಕ್ಕಿದೆ. ಸಿಕ್ಕ ಮೊದಲ ಜೊತೆ ಹೆಬ್ಬುಲಿ, ಕೊನೆಯದು ತಾಯಿಯ ಅಪ್ಪುಗೆ.

1911ರಲ್ಲಿ ಗೋವಿಂದ ಪೈಯವರು ಪ್ರಾಸವನ್ನು ಬಿಟ್ಟು ಬರೆಯಲು ತೊಡಗಿದಾಗ, ಪ್ರಾಸ ಕವಿಯ ಕಾಲಿಗೆ ಕಟ್ಟಿದ ಸರಪಳಿ ಎಂಬ ಭಾವನೆಗೆ ಬಲ ಬಂದಿತು. ಪಂಡಿತರು ಪ್ರಾಸಕ್ಕಾಗಿ ಪದವನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದ ಪದ್ಯಗಳನ್ನು ಓದಿದವರಿಗೆ ಆ ಬೇಸರ ಸಹಜವಾಗಿಯೇ ಅರ್ಥವಾಗುತ್ತದೆ. ಆದರೆ ಈ ನಾಲ್ಕು ಪದಗಳ ಮಟ್ಟಿಗೆ ಪ್ರಾಸವೇ ಕಥೆ ಹೇಳುತ್ತಿದೆ.


ಪಾಠಾಂತರ (ಉತ್ತರ):

ಇಬ್ಬರ ವಿವರಣೆಯನ್ನೂ ಸಂತೋಷದಿಂದ ಓದಿದೆ. ಆದರೂ ಸ್ವಲ್ಪ ತಣ್ಣೀರು ಎರಚಬೇಕಾಗಿದೆ, ಮನ್ನಿಸಿ.

ಮೊದಲನೆಯದಾಗಿ, ಈ ಹಾಡು ಬಾಯಿಂದ ಬಾಯಿಗೆ ಬಂದದ್ದು, ಇದಕ್ಕೆ ಪಾಠಭೇದಗಳು ಹಲವು. ಒಂದು ಪಾಠದಲ್ಲಿ ಮಾತ್ರೆ ಕಡಿಮೆಯಿರುವ ಸಾಲು ಇನ್ನೊಂದರಲ್ಲಿ ತುಂಬಿಕೊಂಡಿರಬಹುದು. ಎರಡನೆಯದಾಗಿ, ಕಡಿಮೆ ಬೀಳುವ ಮಾತ್ರೆ ಕೂಗಿಗಾಗಿಯೇ ಮೀಸಲು ಎನ್ನುವುದಾದರೆ, ಹಾಡಿನ ಮೊಟ್ಟಮೊದಲ ಸಾಲನ್ನು ಏನು ಮಾಡುವುದು? "ಧರಣಿ । ಮಂಡಲ । ಮಧ್ಯ । ದೊಳಗೆ" ಎಂಬಲ್ಲಿಯೂ ಕೊನೆಯ ಗಣದಲ್ಲಿ ಮೂರೇ ಮಾತ್ರೆ. ಅಲ್ಲಿ ಯಾರೂ ಯಾರನ್ನೂ ಕರೆಯುತ್ತಿಲ್ಲ. ಅದೇ ಪದ್ಯದ "ಇರುವ ಕಾಳಿಂಗನೆಂಬ ಗೊಲ್ಲನ" ಎಂಬ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ. ಅದಕ್ಕೆ ಯಾವ ಭಾವವನ್ನು ಹೊಂದಿಸೋಣ?

ಪ್ರಾಸದ ಮಾತೂ ಹಾಗೆಯೇ. "ತಬ್ಬಲಿಯನೀ ಕರುವನು" ಎಂಬ ಸಾಲು "ಅಮ್ಮಗಳಿರಾ ಅಕ್ಕಗಳಿರಾ" ಎಂಬ ಪದ್ಯದ ಕೊನೆಯಲ್ಲಿಯೂ ಬರುತ್ತದೆ. ಅದು ಒಂದು ಪಲ್ಲವಿಯಂಥ ಸಾಲು. ಬೇರೊಂದು ಪದ್ಯದ ಜೊತೆ ಹಂಚಿಕೊಂಡಿರುವುದರಿಂದ ಮುಂದೆ, ಹಿಂದೆ ಎಂಬವುಗಳ ಜೊತೆ ಅದು ಹೊಂದದಿರುವುದು ಸಹಜ. ಮೇಲಾಗಿ "ಅಮ್ಮಗಳಿರಾ" ಪದ್ಯದ ಎರಡನೆಯ ಸಾಲು "ಎನ್ನ ತಾಯೊಡಹುಟ್ಟುಗಳಿರಾ" ಎಂದಿದೆ. ಅಮ್ಮ, ಎನ್ನ, ನಿಮ್ಮ ಎಂಬಲ್ಲಿ ಒತ್ತಕ್ಷರವೆಂಬ ಸಾಮ್ಯವಿದೆಯೇ ಹೊರತು ವ್ಯಂಜನ ಒಂದೇ ಅಲ್ಲ. ಒಡಹುಟ್ಟಿದವರನ್ನು ಕರೆಯುವಾಗ ಪ್ರಾಸ ಸಡಿಲವಾಯಿತೆಂದು ಅಲ್ಲಿಯೂ ಒಂದು ಅರ್ಥ ಹೇಳುವಿರಾ? ಕಿವಿಗೆ ಹತ್ತಿರವೆನಿಸಿದರೆ ಸಾಕು ಎಂಬುದು ಹಾಡುಗಾರರ ಪದ್ಧತಿ, ಪಂಡಿತರ ಕಟ್ಟುನಿಟ್ಟನ್ನು ಅವರು ಹಾಕಿಕೊಂಡವರಲ್ಲ.


ಲಘುಗುರು (ಉತ್ತರ):

ಪಾಠಾಂತರ ಅವರ ಆಕ್ಷೇಪ ನ್ಯಾಯವಾದದ್ದು. ಮಾತ್ರೆಯನ್ನು ಕೂಗಿಗಾಗಿಯೇ ಬಿಟ್ಟರು ಎಂದು ಧ್ವನಿಸುವಂತೆ ನಾನು ಬರೆದದ್ದು ಅತಿಯಾಯಿತು. ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಸಾಲಿನ ಕೊನೆಯ ಮಾತ್ರೆಯನ್ನು ಕಂಠಕ್ಕೆ ಬಿಡುವುದು ಹಾಡುಗಬ್ಬಗಳ ಸಾಮಾನ್ಯ ರೂಢಿ, "ಮಧ್ಯದೊಳಗೆ" ಎಂಬುದೂ ಆ ರೂಢಿಯ ಫಲ. ಅಲ್ಲಿ ಸ್ವರವನ್ನು ಎಳೆದರೆ ಹೆಚ್ಚಿನ ಅರ್ಥವೇನೂ ಹುಟ್ಟುವುದಿಲ್ಲ, ಕಥೆ ನಿಧಾನವಾಗಿ ಬಾಗಿಲು ತೆರೆಯುತ್ತದೆ ಅಷ್ಟೆ. ಅದೇ ಬಿಡುವಿನಲ್ಲಿ "ಅಮ್ಮ" ಎಂಬ ಪದ ಬಂದು ಕುಳಿತಾಗ ಮಾತ್ರ ಎಳೆತ ಕೂಗಾಗುತ್ತದೆ. ರೂಢಿ ಎಲ್ಲರದು. ಆ ರೂಢಿಯ ಬಿಡುವಿನಲ್ಲಿ ಈ ಪದವನ್ನು ತಂದು ಕೂರಿಸಿದ ಕಿವಿ ಯಾರದೋ ಒಬ್ಬರದು, ಅಥವಾ ತಲೆಮಾರುಗಳದು. ಹೆಚ್ಚಾದ ಒಂದು ಮಾತ್ರೆಗೆ ನನ್ನಲ್ಲಿ ಯಾವ ಭಾವವೂ ಇಲ್ಲ. "ಗೊಲ್ಲನ" ಎಂಬುದನ್ನು ಹಾಡುವಾಗ ಬೇಗ ನುಂಗಿಕೊಳ್ಳುತ್ತಾರೆ.


ಓಲೆಗರಿ (ಉತ್ತರ):

ನಾನೂ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಸಾಲು ಪಲ್ಲವಿಯಂತೆ ಎರಡು ಪದ್ಯಗಳಲ್ಲಿ ಬಂದಿದೆ ಎಂಬುದು ನಿಜ. ಆದರೆ ಆವರ್ತಿಸಲು ಆರಿಸಿಕೊಂಡ ಸಾಲು ಅದೇ ಏಕೆ ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ. ಮೊದಲ ಸಲ ಕೇಳಿದಾಗ ಅದು ಒಂದು ಬೇಡಿಕೆ. ಹಾಯಬೇಡಿರಿ, ಒದೆಯಬೇಡಿರಿ ಎಂದ ಮೇಲೆ ಎರಡನೆಯ ಸಲ ಕೇಳಿದಾಗ, ತಾಯಿಯಿಲ್ಲದ ಕರುವಿಗೆ ಕೊಟ್ಟಿಗೆಯಲ್ಲಿ ಏನಾಗುತ್ತದೆ ಎಂಬ ಭಯವೂ ಅದರೊಳಗೆ ಸೇರಿರುತ್ತದೆ. ಅಕ್ಷರ ಒಂದೂ ಬದಲಾಗದೆ ಸಾಲು ಬದಲಾಗಿದೆ. ಬಾಯಿಪಾಠ ಅವರು ಕೇಳಿದ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಇದೇ. ಪುನರುಕ್ತಿ ನೆನಪಿಗೆ ನೆರವಾಗುತ್ತದೆ, ಜೊತೆಗೆ ಎರಡು ಸಲಗಳ ನಡುವೆ ಏನಾಯಿತು ಎಂಬುದನ್ನು ಅಳೆದು ತೋರಿಸುತ್ತದೆ.

ಎಲ್ಲರಿಗೂ ಗೊತ್ತಿರುವ "ಸತ್ಯವೇ ನಮ್ಮ ತಾಯಿ ತಂದೆ" ಎಂಬ ಪದ್ಯದಲ್ಲಿ ನಡೆ, ಪ್ರಾಸ, ಪುನರುಕ್ತಿ ಮೂರೂ ಒಟ್ಟಿಗೆ ಕೆಲಸ ಮಾಡುವುದನ್ನು ಕಾಣಬಹುದು. ಮೊದಲ ಎರಡು ಸಾಲುಗಳ ಗಣಗಳನ್ನು ಬಿಡಿಸಿ:

ಸತ್ಯ । ವೇ ನಮ್ । ಮ ತಾ । ಯಿ ತಂದೆ
ಸತ್ಯ । ವೇ ನಮ್ । ಮ ಬಂ । ಧು ಬಳಗ

ಪದಗಳು ಗಣದ ಗಡಿಯಲ್ಲಿ ತುಂಡಾಗಿ ಒಂದರೊಳಗೊಂದು ಹೆಣೆದುಕೊಂಡಿವೆ. ತಾಯಿ, ತಂದೆ, ಬಂಧು, ಬಳಗ ಎಂಬ ನಂಟಿನ ಪದಗಳೇ ಹೀಗೆ ಹೆಣೆದುಕೊಂಡಿರುವುದನ್ನು ಗಮನಿಸಿ. ಮೂರನೆಯ ಸಾಲು ಬರುತ್ತದೆ:

ಸತ್ಯ । ವಾಕ್ಯಕೆ । ತಪ್ಪಿ । ನಡೆದರೆ

ಇಲ್ಲಿ ಪ್ರತಿಯೊಂದು ಪದವೂ ತನ್ನ ಗಣದೊಳಗೇ ಮುಗಿದು, ಹೆಜ್ಜೆ ಊರಿದಂತೆ ಕೇಳಿಸುತ್ತದೆ. "ತಪ್ಪಿ ನಡೆದರೆ" ಎಂಬ ಮಾತು ಒಂದಿಷ್ಟೂ ತಪ್ಪದ ನಡೆಯಲ್ಲಿದೆ. ಮೂರು ಸಲ "ಸತ್ಯ" ಎಂದೇ ಆರಂಭವಾದ ಮೇಲೆ ನಾಲ್ಕನೆಯ ಸಾಲು "ಮೆಚ್ಚನಾ ಪರಮಾತ್ಮನು" ಎಂದು ಬೇರೆಯಾಗುತ್ತದೆ. ನಾಗವರ್ಮನ ಲೆಕ್ಕದಲ್ಲಿ ಸತ್ಯ ಶರಭ, ಮೆಚ್ಚ ಹಯ, ಎರಡೂ ಕೂಡುವುದಿಲ್ಲ. ಪಾಠಾಂತರ ಅವರು ಹೇಳಿದಂತೆ ಹಾಡುಗಾರರ ಕಿವಿಗೆ ಒತ್ತಕ್ಷರದ ಸಾಮ್ಯ ಸಾಕಾಗಿದ್ದಿರಬಹುದು, ಅದನ್ನು ನಾನು ವಾದಿಸುವುದಿಲ್ಲ. ಆದರೆ ಸತ್ಯವನ್ನು ಬಿಟ್ಟಾಗ ಆಗುವುದೇನು ಎಂದು ಹೇಳುವ ಸಾಲಿನಲ್ಲಿಯೇ "ಸತ್ಯ" ಎಂಬ ಪದ ಸಾಲಿನ ತಲೆಯಿಂದ ಜಾರಿದೆ ಎಂಬುದನ್ನು ಕೇಳಿಸಿಕೊಂಡ ಮೇಲೆ, ಕೇಳಿಸಿಕೊಂಡಿಲ್ಲವೆಂದು ನಟಿಸುವುದು ನನಗೆ ಕಷ್ಟ.

ಕಟ್ಟುನಿಟ್ಟು ಅವರಿಗೆ ತಿಳಿದೇ ಇರಲಿಲ್ಲ ಎಂಬುದನ್ನಂತೂ ಒಪ್ಪಲಾರೆ. "ಚಂಡವ್ಯಾಘ್ರನೆ ನೀನಿದೆಲ್ಲವ / ನುಂಡು ಸಂತಸದಿಂದಿರು" ಎಂಬಲ್ಲಿ "ಇದೆಲ್ಲವನುಂಡು" ಎಂಬ ಒಂದೇ ಮಾತನ್ನು ಸಾಲಿನ ಅಂಚಿನಲ್ಲಿ ಸೀಳಿ, "ನುಂಡು" ಎಂಬುದನ್ನು ಮುಂದಿನ ಸಾಲಿನ ತಲೆಗೆ ತಂದಿದ್ದಾರೆ. ಖಂಡ, ಗುಂಡಿಗೆ, ಚಂಡ ಎಂಬವುಗಳ ಸಾಲಿಗೆ ಅದು ಸೇರಬೇಕಾಗಿತ್ತು. ಪ್ರಾಸ ದೊಡ್ಡದೆಂದು ಬಗೆದು ಕನ್ನಡ ಕವಿಗಳು ಯತಿಯನ್ನು (ಪದ್ಯದ ಸಾಲಿನಲ್ಲಿ ಉಸಿರಿಗೆ ನಿಲ್ಲಬೇಕಾದ ಜಾಗವನ್ನು) ಮೀರಿದರು ಎಂದು 9ನೆಯ ಶತಮಾನದ ಕವಿರಾಜಮಾರ್ಗ ಹೇಳುವುದೂ ಇಂಥದೇ ಒಲವನ್ನು.


ಬಾಯಿಪಾಠ (ಪ್ರತಿಕ್ರಿಯೆ):

ಎಲ್ಲರಿಗೂ ಕೃತಜ್ಞತೆಗಳು. ಲಘುಗುರು ಅವರು ಹೇಳಿದಂತೆ ಮಾತ್ರೆ ಕಡಿಮೆಯಿರುವ ಕಡೆಯಲ್ಲೆಲ್ಲ ಮಗಳಿಂದ ಸೀಸದ ಕಡ್ಡಿಯಲ್ಲಿ ಒಂದೊಂದು ಸೊನ್ನೆ ಹಾಕಿಸಿದೆ. ನಿಮ್ಮಿಬ್ಬರ ವಾದವನ್ನು ಅವಳಿಗೆ ನಾನು ಹೇಳಿರಲಿಲ್ಲ. "ಲಮ್ಮ" ಎಂಬುದರ ಮುಂದಿನ ಮೂರು ಸೊನ್ನೆಗಳನ್ನು ನೋಡಿ, "ಇಲ್ಲಿ ಅಕ್ಷರ ಇಲ್ಲ, ಆದರೆ ನಾನು ಹಾಡುವಾಗ ಇದೆ" ಎಂದಳು. "ದೊಳಗೆ" ಎಂಬುದರ ಮುಂದೆಯೂ ಸೊನ್ನೆ ಬಿದ್ದಿದೆ, ಪಾಠಾಂತರ ಅವರ ಗಮನಕ್ಕೆ. "ಗೊಲ್ಲನ" ಎಂಬುದರ ಹೆಚ್ಚುವರಿ ಮಾತ್ರೆಗೆ ಯಾವ ಗುರುತು ಹಾಕಬೇಕೆಂದು ಕೇಳುತ್ತಿದ್ದಾಳೆ, ಇನ್ನೂ ಹೇಳಿಲ್ಲ.